ಆನೆಯ ಹಿಂಗಾಲು

ಗಂಡನ ಹಣೆಗೆ ಗಂಧ ಹಚ್ಚುತ್ತಿದ್ದ ಜನಾಬಾಯಿಯ ಕೈ ಅಲ್ಲೇ ನಿಂತಿತು.

"ಸಪನಾ ಎಲ್ಲಿ?" ಮೊಮ್ಮಗಳು ಮನೆಯಲ್ಲಿ ಕಾಣಲಿಲ್ಲ.

"ಗಾರ್ಡನ್‌ಗೆ ಕಳಿಸೀನಿ, ಅವ್ವಾ," ಅಂದಳು ಮಗಳು ಸಾರಿಕಾ. "ಅಪ್ಪನ್ನ ಹಿಂಗ ನೋಡಿ ಹುಡುಗ್ರು ಅಂಜಾಕತ್ತಿದ್ವು. ಕಾಗವಾಡದಿಂದ ಬಂದ ಹುಡುಗ್ರ ಜೋಡಿ ಆನಿ ನೋಡಾಕ ಹೋಗ್ಯಾಳ."

ಜನಾಬಾಯಿ ಎದ್ದಳು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಮೈದುನ ಮಾಳಸಿದ್ದ ಅಡ್ಡ ಬಂದ.

"ವೈನಿ, ಎಲ್ಲಿ ಹೊಂಟ್ರಿ? ಮಣ್ಣಿಗೆ ಹೊತ್ತಾತು."

"ಆ ಆನಿ ಹಿಂಗಾಲು ಗಟ್ಟಿ ಇಲ್ಲ."

"ಯಾರ ಹೇಳಿದ್ರು?"

"ವೆಲ್ಡಿಂಗ್ ಮಾಡಿದವ್ರ ಹೇಳ್ಯಾರ."

ಮಾಳಸಿದ್ದ ಒಳಗೆ ಮಲಗಿದ್ದ ಅಣ್ಣನ ಕಡೆ ನೋಡಿದ. ಅಷ್ಟರಲ್ಲಿ ಅವಳು ಬರಿಗಾಲಲ್ಲೇ ಬೀದಿಗಿಳಿದಿದ್ದಳು.

*

ಉದ್ಯಾನದ ಆ ಸಿಮೆಂಟಿನ ಆನೆ ಎರಡಂತಸ್ತಿನ ಮನೆಯಷ್ಟು ಎತ್ತರ. ಒಂಬತ್ತು ವರ್ಷದ ಹಿಂದೆ ಅದರ ಕಬ್ಬಿಣದ ಹಂದರ ಕಟ್ಟಿದವನು ಜನಾಬಾಯಿಯ ಗಂಡ ಜ್ಞಾನದೇವ. ಉದ್ಘಾಟನೆ ಹತ್ತಿರ ಬಂದಿತ್ತು. ಒಂದು ಹಿಂಗಾಲಿಗೆ ಎರಡೇ ಚುಕ್ಕೆ ಬೆಸುಗೆ ಹಾಕಿ, ಉಳಿದದ್ದನ್ನು ಬೆಳಿಗ್ಗೆ ಮುಗಿಸಿದರಾಯಿತೆಂದು ಮನೆಗೆ ಬಂದ. ಬೆಳಿಗ್ಗೆ ಹೋಗುವಷ್ಟರಲ್ಲಿ ಗೌಂಡಿಗಳು ಸಿಮೆಂಟು ಮೆತ್ತಿದ್ದರು. ಅವನು ಏನೂ ಹೇಳದೆ ಹಿಂದಿರುಗಿದ.

ಅಂದಿನಿಂದ ಮಕ್ಕಳು ಸೇರುವ ಭಾನುವಾರಗಳಂದೆಲ್ಲ ಅವನು ಆನೆಯ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದ. ಹತ್ತಿರ ಸುಳಿದ ಮಕ್ಕಳನ್ನು ಗದರಿಸಿ ಓಡಿಸುತ್ತಿದ್ದ. ಅವನಿಗೆ ತನ್ನ ಕೆಲಸದ ಮೇಲಿನ ಅಭಿಮಾನವೆಂದುಕೊಂಡು ಜನಾಬಾಯಿ ಅವಲಕ್ಕಿ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದಳು. ಒಮ್ಮೆ ಹುಡುಗಿಯೊಬ್ಬಳು ಸೊಂಡಿಲಿಗೆ ಜೋತುಬಿದ್ದಾಗ ಅವನು ಹೆಂಡತಿಯ ಮುಂಗೈ ಹಿಡಿದ. ಆವತ್ತು ಎಲ್ಲ ಹೇಳಿದ.

"ಯಾರಿಗರೆ ಹೇಳ್ರಿ," ಅಂದಳು.

"ಜೇಲಿಗೆ ಹಾಕಿದ್ರ? ನಾ ಕಾಯ್ಕೊಂತ ಕುಂಡರ್ತೀನಲ್ಲ, ಸುಮ್ನಿರು."

ಕಡೆಯ ಮೂರು ವಾರ ಅವನು ಹಾಸಿಗೆ ಬಿಟ್ಟೇಳಲಿಲ್ಲ. ಕಣ್ಣು ತೆರೆದಾಗಲೆಲ್ಲ, "ಇವತ್ತ ಐತವಾರ ಏನ?" ಎಂದು ಕೇಳುತ್ತಿದ್ದ.

*

ಆನೆಯ ಹೊಟ್ಟೆಯ ಕೆಳಗೆ ಮೂರು ಮಕ್ಕಳು ಕೂತಿದ್ದವು. ಸಪನಾ ಅದೇ ಹಿಂಗಾಲಿಗೆ ಒರಗಿದ್ದಳು. ಅವಳ ತಲೆಯ ಮೇಲೆ ಕಾಲಿನುದ್ದಕ್ಕೂ ಬಿರುಕು ಬಿಟ್ಟಿತ್ತು. ಒಳಗಿಂದ ತುಕ್ಕಿನ ನೀರು ಇಳಿದು ಕಂದುಗೆರೆ ಮೂಡಿತ್ತು. ಮೂರು ವಾರದ ಹಿಂದೆ ಅದು ಇರಲಿಲ್ಲ.

ಕೂಗಲು ಜನಾಬಾಯಿಗೆ ಧೈರ್ಯ ಬರಲಿಲ್ಲ. ದನಿಗೇ ಅದು ಕುಸಿದೀತೆನಿಸಿತು.

"ಸಪನಾ, ಸಾವಕಾಶ ಎದ್ದು ಬಾ."

"ಇಲ್ಲೇ ತಂಪೈತಿ, ಆಯಿ."

ಜನಾಬಾಯಿ ಮೆಲ್ಲಗೆ ಹೊಟ್ಟೆಯಡಿ ಹೋದಳು. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಹೊರಗೆ ದಬ್ಬಿದಳು. ಮೇಲೆ ಏನೋ ಕಟಕ್ಕೆಂದಿತು. ಚಿಟಿಕೆ ಸಿಮೆಂಟಿನ ಪುಡಿ ಅವಳ ತೋಳಿನ ಮೇಲೆ ಉದುರಿತು.

ಓಡಿಬಂದ ಮಾಳಸಿದ್ದ ಬಿರುಕು ನೋಡಿ ಹಿಂದೆ ಸರಿದ.

"ಇದು ಹೊರಬಿದ್ರ ಅಣ್ಣನ ಹೆಸರು ಕೆಡತೈತಿ, ವೈನಿ. ಇವತ್ತೊಂದಿನ ಬ್ಯಾಡ."

"ಗಾರ್ಡನ್ ಕಚೇರಿಯವ್ರಿಗೆ ಫೋನ್ ಹಚ್ಚು. ಯಾರ ಮಾಡಿದ್ದು ಅಂತ ನಾನ ಹೇಳ್ತೀನಿ."

"ಅಲ್ಲಿ ಮಂದಿ ಕಾಯಾಕತ್ತೈತಿ. ಕಡೀ ಸಲ ಮಾರಿ ನೋಡಾಂಗಿಲ್ಲೇನ?"

ಜನಾಬಾಯಿ ಸಪನಾಳ ಕೈಯನ್ನು ಅವನ ಕೈಗಿತ್ತಳು.

"ಹುಡುಗ್ರನ್ನ ಕರ್ಕೊಂಡು ಹೋಗು. ಅವ್ರನ್ನ ಮಣ್ಣಿಗೆ ಒಯ್ರಿ. ಇಲ್ಲಿ ಯಾರರೆ ಇರಬೇಕಲ್ಲ."

ಅರ್ಧ ತಾಸಿನ ಮೇಲೆ ಉದ್ಯಾನದ ಕಂಬಿಬೇಲಿಯ ಆಚೆ ಹಲಗೆ ಬಾರಿಸುವ ಸದ್ದು ಕೇಳಿತು. ಚೆಂಡುಹೂ ಹೊದ್ದ ಚಟ್ಟ ಹೆಗಲ ಮೇಲೆ ಮೆಲ್ಲಗೆ ಸಾಗುತ್ತಿತ್ತು. ಅದೇ ಹೊತ್ತಿಗೆ ಗೇಟಿನಿಂದ ನಾಲ್ಕೈದು ಮಕ್ಕಳು ಆನೆಯ ಕಡೆ ಓಡಿಬಂದವು. ಜನಾಬಾಯಿ ಬೇಲಿಗೆ ಬೆನ್ನು ಮಾಡಿ, ಎರಡೂ ತೋಳು ಚಾಚಿ ಅವರಿಗೆ ಅಡ್ಡ ನಿಂತಳು.