ಫ್ರಿಜ್ ಕೂಗಿದ್ದು ನನಗೆ ಕೇಳಿತ್ತು

ನಾನು ಒಂದು ಲಾಗರ್, ಎಂದರೆ ನಡೆದದ್ದನ್ನು ದಾಖಲಿಸುವ ಪ್ರೋಗ್ರಾಂ. ನನಗೆ ಮೈಯಿಲ್ಲ, ಇರುವುದು ಒಂದು ಕಿಟಕಿ ಮಾತ್ರ. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ನೀಲಾಂಬಿಕಾ ಎಂಬಾಕೆ ನನ್ನನ್ನು ಬರೆದಳು. ಬೇರೆ ಪ್ರೋಗ್ರಾಂಗಳು ತಮಗಾದದ್ದನ್ನು ನನ್ನ ಕಿಟಕಿಯಲ್ಲಿ ಹೇಳುತ್ತವೆ; ನಾನು ಹಿಂದೆ ಕುಳಿತವರಿಗೆ ದಾಟಿಸುತ್ತೇನೆ. ಹಿಂದೆ ಯಾರನ್ನು ಕೂರಿಸಬೇಕೆಂಬುದು ನನ್ನ ಕೈಯಲ್ಲಿಲ್ಲ. ಪರದೆಗೆ ಕಳಿಸುವವನಿರಬಹುದು, ಕಡತಕ್ಕೆ ಬರೆಯುವವನಿರಬಹುದು. ಪ್ರೋಗ್ರಾಂಗಳನ್ನು ಪರೀಕ್ಷಿಸುವಾಗ ಗದ್ದಲ ಬೇಡವೆಂದು ನೀಲಾ ಒಬ್ಬ ಮೂಕನನ್ನೂ ಮಾಡಿಟ್ಟಿದ್ದಳು. ಅವನು ಎಲ್ಲವನ್ನೂ ನುಂಗಿಬಿಡುತ್ತಿದ್ದ.

"ಇಷ್ಟ ಏನ್ರಿ? ಒಂದ ಕಿಟಕಿ?" ಎಂದು ಮೇಲಧಿಕಾರಿ ಗುರುನಾಥ ನಕ್ಕಿದ್ದರು.

"ಅವಸರದಾಗ ಓಡಿ ಬಂದವರಿಗೆ ಹತ್ತು ಬಾಗಿಲಾ ಇಟ್ರ, ಯಾವುದು ಬಡೀಬೇಕು ಅಂತ ತಿಳಿಯೂದಿಲ್ರಿ ಸರ್."

ಆಸ್ಪತ್ರೆಯೊಂದರ ರಕ್ತನಿಧಿಗೆ ನನ್ನನ್ನು ಕಳಿಸಿದರು. ಅಲ್ಲಿನ ಫ್ರಿಜ್ ಕಾಯುವ ಪ್ರೋಗ್ರಾಂ ನನ್ನ ಗೆಳತಿಯಾಯಿತು. ಆಸ್ಪತ್ರೆಯ ದೊಡ್ಡವರು ನೋಡಲು ಬಂದ ದಿನ, ಪರದೆ ತುಂಬ ಸಾಲುಗಳು ಓಡಿದರೆ ಚೆಂದವಲ್ಲವೆಂದು ಗುರುನಾಥ ನನ್ನ ಹಿಂದೆ ಮೂಕನನ್ನು ಕೂರಿಸಿದರು. ಬೀಗರು ಬಂದಾಗ ಸೊಸೆಗೆ ಕಣ್ಣಲ್ಲೇ ಸುಮ್ಮನಿರೆಂದ ಹಾಗೆ. ಬೀಗರು ಹೋದರು, ಮೂಕ ಏಳಲಿಲ್ಲ.

ಒಂದು ಮಧ್ಯಾಹ್ನ ಫ್ರಿಜ್ ಕೆಟ್ಟಿತು. "ತಂಪು ಹೋಗುತ್ತಿದೆ" ಎಂದಳು ಗೆಳತಿ. ದಾಟಿಸಿದೆ. ಮೂಕ ನುಂಗಿದ. ಅವಳು ಮತ್ತೆ ಕೂಗಿದಳು, ಮತ್ತೆ ದಾಟಿಸಿದೆ. ಸಂಜೆಗೆ ಫ್ರಿಜ್ ತಾನಾಗಿ ತಣ್ಣಗಾಯಿತು. ತಂಪು ತಪ್ಪಿದ ರಕ್ತ ಕೆಟ್ಟರೂ ಹೊರಗೆ ಕಾಣುವುದಿಲ್ಲ; ಚೀಲಗಳು ನೋಡಲು ಮೊದಲಿನಂತೆಯೇ ಇದ್ದವು.

ರಕ್ತನಿಧಿಯ ಖೈರುನ್ನಿಸಾ ನೀಲಾಗೆ ಫೋನು ಮಾಡಿದಳು. "ಅಕ್ಕಾರ, ಮಧ್ಯಾಹ್ನ ಫ್ರಿಜ್ಜಿನ ಬಾಗಿಲಾ ಬೆವತಿತ್ರಿ. ನಿಮ್ಮ ಪರದಿ ಏನೂ ಆಗಿಲ್ಲ ಅಂತೈತಿ. ಹೆರಿಗಿ ಕೇಸ್ ಬಂದೈತಿ. ರಕ್ತ ಕೊಡ್ಲೋ ಬ್ಯಾಡೋ?"

ನೀಲಾ ನನ್ನನ್ನು ತೆರೆದು ನೋಡಿದಳು. ಹಿಂದೆ ಮೂಕ ಕುಳಿತಿದ್ದ.

ಪಕ್ಕದಲ್ಲಿದ್ದ ಗುರುನಾಥ ಅವಳತ್ತ ಬಾಗಿದರು. "ಚೆಕ್ ಮಾಡಿ ಹೇಳ್ತೀವಿ ಅನ್ರಿ," ಎಂದು ಪಿಸುಗುಟ್ಟಿದರು. "ಕಂಪನಿ ಹೆಸರೈತಿ."

ಎಷ್ಟೋ ಮೀಟಿಂಗುಗಳಲ್ಲಿ ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದ್ದು ನನಗೆ ಗೊತ್ತಿತ್ತು. ಮೂಕನನ್ನು ಅಷ್ಟು ಚೆನ್ನಾಗಿ ಮಾಡಲು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅವಳು ಗುರುನಾಥರಿಗೆ ಬೆನ್ನು ಮಾಡಿ ಫೋನಿನಲ್ಲಿ ಹೇಳಿದಳು.

"ಕೊಡಬ್ಯಾಡವಾ ಖೈರೂ. ಬ್ಯಾರೆ ಕಡಿಂದ ತರಸು. ಪರದಿ ನಂಬಬ್ಯಾಡ, ನಾವ ಅದರ ಬಾಯಿ ಕಟ್ಟೀವಿ."

"ಮುಗೀತು ನಮ್ಮ ಕಥಿ," ಎಂದರು ಗುರುನಾಥ.

"ಮುಗೀಲಿ ಬಿಡ್ರಿ ಸರ್."

ಬೇರೆ ಆಸ್ಪತ್ರೆಯಿಂದ ರಕ್ತ ಬಂತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಆ ಆಸ್ಪತ್ರೆಯ ಕೆಲಸ ಮಾತ್ರ ಕಂಪನಿಯ ಕೈತಪ್ಪಿತು.

ಈಗ ನಾನು ಇನ್ನೊಂದು ದವಾಖಾನೆಯ ಮೂಲೆಯಲ್ಲಿ, ಹಳೆಯ ಕಂಪ್ಯೂಟರಿನಲ್ಲಿದ್ದೇನೆ. ಒಂದೇ ಒಂದು ಫ್ರಿಜ್ಜಿನ ಸುದ್ದಿ ನನ್ನ ಕಿಟಕಿಗೆ ಬರುತ್ತದೆ. ಮೂಕ ಇನ್ನೂ ಇದ್ದಾನೆ, ಆದರೆ ಅವನನ್ನು ಕೂರಿಸಿದರೆ ಪರದೆಯ ಮೇಲೆ ಕೆಂಪಕ್ಷರ ಮೂಡುವಂತೆ ನೀಲಾ ಮಾಡಿಟ್ಟಿದ್ದಾಳೆ: "ಈಗ ಯಾರೂ ಕೇಳುತ್ತಿಲ್ಲ."

ಕೂಗುವವರಿಗೆ ಅಷ್ಟಾದರೂ ಗೊತ್ತಿರಬೇಕು.