ನಾನು ಬಂದು ಮುಟ್ಟೋತನಕ

ನಮ್ಮನೆಯವರಿಗೆ ನಾನು ಹೇಳಿದ ಮಾತು ಕೇಳಿ ಅಭ್ಯಾಸವಿಲ್ಲ. ಛತ್ರಿ ತೆಗೆದುಕೊಂಡು ಹೋಗಿ ಎಂದರೆ ನೆನೆದು ಬರುತ್ತಾರೆ. ಸಕ್ಕರೆ ಕಡಿಮೆ ಮಾಡಿ ಎಂದರೆ ಮನೆಯಲ್ಲಿ ಸಪ್ಪೆ ಚಹಾ ಕುಡಿದು, ಅಂಗಡಿಯ ಎದುರಿನ ಹೋಟೆಲಿನಲ್ಲಿ ಎರಡು ಸಿಹಿ ಚಹಾ ಕುಡಿಯುತ್ತಾರೆ. ಅಂಥ ಮನುಷ್ಯ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ನನ್ನ ಮಾತನ್ನು ಹೇಳಿದ್ದು ಹೇಳಿದಂತೆ ಪಾಲಿಸಿದರು. ಅದೂ ಎಲ್ಲಿ, ಕಂಪ್ಲಿಯ ಹೊಳೆಯ ನಡುವೆ, ಹುಣ್ಣಿಮೆಯ ದಿನ.

ನಾವು ಹೊಸಪೇಟೆಯ ಚಿತ್ತವಾಡ್ಗಿಯವರು. ಅವರದು ಪಂಪ್‌ಸೆಟ್ಟು, ಮೋಟರುಗಳ ಅಂಗಡಿ. ನನ್ನದು ಮನೆ, ಮತ್ತು ಎರಡು ವರ್ಷದಿಂದ ಈ ಫೋಟೋದ ಹುಚ್ಚು. ಹಗಲು ಫೋಟೋ ಎಲ್ಲರೂ ತೆಗೆಯುತ್ತಾರೆ, ನನಗೆ ಇಷ್ಟವಾಗಿದ್ದು ಕತ್ತಲು. ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ನೈಟ್ ಮೋಡ್ ಹಾಕಿ, ಉಸಿರು ಬಿಗಿ ಹಿಡಿದು ಕಾದರೆ, ಕಣ್ಣಿಗೆ ಕಾಣದ್ದೆಲ್ಲ ಅದಕ್ಕೆ ಕಾಣುತ್ತದೆ. ಆದರೆ ಅದು ಬೆಳಕನ್ನು ನಿಧಾನವಾಗಿ ಕುಡಿಯುತ್ತದೆ. ಅಷ್ಟು ಹೊತ್ತು ಎದುರಿಗಿದ್ದವರು ಅಲುಗಬಾರದು. ಅಲುಗಿದರೆ ಹೊಗೆಯ ಹಾಗೆ ಮಸುಕಾಗಿಬಿಡುತ್ತಾರೆ.

ನಮ್ಮನೆಯವರಿಗೆ ಇದು ತಮಾಷೆ. ಕಳೆದ ತಿಂಗಳು ವಡ್ಡು ಎಂಬ ಊರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾನು ತೆಗೆದ ಚಂದ್ರನ ಫೋಟೋವನ್ನು ಯಾರೋ ಎಲ್ಲರಿಗೂ ತೋರಿಸುತ್ತಿದ್ದರು. ಪಂಕ್ತಿಯಲ್ಲಿ ಕುಳಿತಿದ್ದ ಇವರು, "ಅದು ಚಂದ್ರ ಅಲ್ಲಪಾ, ನಮ್ಮಾಕಿ ಹಂಚಿನ ಮ್ಯಾಲೆ ಮರತ ರೊಟ್ಟಿ" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ಆದರೆ ಅಂದಿನಿಂದ "ಊಟಕ್ಕ ಬರ್ರಿ", "ಗ್ಯಾಸ್ ಖಾಲಿ ಆಗೇತಿ" ಬಿಟ್ಟರೆ ನಮ್ಮ ನಡುವೆ ಬೇರೆ ಮಾತಿರಲಿಲ್ಲ.

ಕ್ಷಮಿಸು ಅನ್ನುವ ಪೈಕಿ ಅವರಲ್ಲ. ಶ್ರಾವಣದ ಹುಣ್ಣಿಮೆಯ ದಿನ ಅಂಗಡಿಯ ಷಟರ್ ಬೇಗ ಎಳೆದು ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದರು.

"ಶೈಲಜಾ, ಕಂಪ್ಲಿಗೆ ಹೋಗಾಣ ನಡಿ. ಹೊಳ್ಯಾಗ ಚಂದ್ರ ಮಸ್ತ್ ಕಾಣ್ತಾನ. ಹೊಳ್ಯಾಗಿನ ಬಂಡೆ ಮ್ಯಾಲೆ ಯಾರರ ನಿಂತಿರಬೇಕು ಅಂತಿದ್ದೆಲ್ಲ. ನಾ ನಿಲ್ಲತೀನಿ."

ನಾನು ಹಾಗೆಂದು ಯಾವತ್ತೋ ಹೇಳಿದ್ದೆ. ಇವರು ಪೇಪರ್ ಓದುತ್ತಿದ್ದರು, ಕೇಳಿಸಿಕೊಂಡಿಲ್ಲ ಅಂದುಕೊಂಡಿದ್ದೆ. ಸಿಟ್ಟು ಅರ್ಧ ಅಲ್ಲಿಯೇ ಇಳಿಯಿತು. ಉಳಿದರ್ಧವನ್ನು ತೋರಿಸಿಕೊಳ್ಳುತ್ತಲೇ ಸ್ಟ್ಯಾಂಡು ತೆಗೆದುಕೊಂಡು ಕಾರು ಹತ್ತಿದೆ.

ಕಂಪ್ಲಿ ನನ್ನ ತವರು. ತಮ್ಮ ಬಸವಕುಮಾರ ಅಲ್ಲೇ ಇದ್ದಾನೆ. ಮೊದಲು ಅವನ ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಲ್ಲಿ ಒಳಗೆ ಕಾಲಿಟ್ಟರೆ ಚಹಾ, ಒಗ್ಗರಣೆ ಮಂಡಕ್ಕಿ, ಅವರಿವರ ಆರೋಗ್ಯ ಅಂತ ಚಂದ್ರ ನೆತ್ತಿಗೇರಿಬಿಡುತ್ತಾನೆ. ನನಗೆ ಬೇಕಾಗಿದ್ದು ನೀರಿನಿಂದ ಆಗಷ್ಟೇ ಎದ್ದ ದೊಡ್ಡ ಚಂದ್ರ. ಹಾಗಾಗಿ ಊರೊಳಗೆ ಹೋಗದೆ, ಗದ್ದೆಗಳ ನಡುವಿನ ಕಚ್ಚಾ ದಾರಿ ಹಿಡಿದು ನೇರ ಹೊಳೆಗೆ ಹೋದೆವು. ಊಟಕ್ಕೆ ಬರುತ್ತೇವೆ ಎಂದು ತಮ್ಮನಿಗೆ ಮಧ್ಯಾಹ್ನವೇ ಫೋನು ಮಾಡಿದ್ದೆ, ಹೊಳೆಯ ಸುದ್ದಿ ಎತ್ತಿರಲಿಲ್ಲ.

ಹೊಳೆಯಲ್ಲಿ ನೀರು ಅಷ್ಟೇನೂ ಇರಲಿಲ್ಲ. ಬಂಡೆಗಳೆಲ್ಲ ಮೈ ಹೊರಗೆ ಹಾಕಿಕೊಂಡು ಮಲಗಿದ್ದವು. ದಡದಿಂದ ಸ್ವಲ್ಪ ಒಳಗೆ, ಮಂಚದಷ್ಟು ಅಗಲದ ಹಾಸುಬಂಡೆ. ಅಲ್ಲಿಗೆ ಹೋಗಲು ನಡುವೆ ಮೂರು ಗುಂಡುಗಲ್ಲು. ಇವರು ಪಂಚೆ ಎತ್ತಿ ಕಟ್ಟಿ, ಒಂದೊಂದೇ ಕಲ್ಲಿನ ಮೇಲೆ ಕಾಲಿಟ್ಟು ಪಾದವೂ ತೋಯದಂತೆ ಹೋಗಿ ನಿಂತರು. ಅವರ ಫೋನನ್ನು ಕಾರಿನಲ್ಲೇ ಬಿಡಿಸಿದ್ದೆ. ಗಿರಾಕಿಗಳು ಫೋನು ಮಾಡುತ್ತಲೇ ಇರುತ್ತಾರೆ, ಜೇಬಿನಲ್ಲಿ ಅದು ಮಿಣಕ್ ಅಂದರೆ ಫೋಟೋ ಕೆಟ್ಟಿತು. ನನ್ನ ಫೋನನ್ನು ಫ್ಲೈಟ್ ಮೋಡಿಗೆ ಹಾಕಿದ್ದೆ. ರಾತ್ರಿ ಫೋಟೋ ತೆಗೆಯುವವರೆಲ್ಲ ಹಾಗೆ ಮಾಡುತ್ತಾರೆ. ನಡುವೆ ಕಾಲ್ ಬಂದು ಫೋನು ನಡುಗಿದರೆ ಎಲ್ಲ ನೀರುಪಾಲು.

ಚಂದ್ರ ಎದ್ದ. ಮೊದಲ ಫೋಟೋ ಒತ್ತಿದೆ. ಇವರು ತಿರುಗಿದರು.

"ಆತೇನು?"

ಎರಡನೆಯದಕ್ಕೂ ತಿರುಗಿದರು. ಮೂರನೆಯದಕ್ಕೆ ಹೊಟ್ಟೆ ಕೆರೆದುಕೊಂಡರು. ಫೋಟೋದಲ್ಲಿ ಬಂಡೆ ಕಡೆದಿಟ್ಟಂತೆ ಬಂದಿತ್ತು, ಚಂದ್ರ ಬಂದಿದ್ದ, ಇವರಿರಬೇಕಾದ ಜಾಗದಲ್ಲಿ ಮಾತ್ರ ಒಂದು ಮಬ್ಬು. ನನಗೆ ರೇಗಿತು.

"ಆ ಕಡೆ ಮುಖ ಮಾಡಿ ನಿಲ್ರಿ. ನಾ ಕರದ್ರೂ ತಿರುಗಬ್ಯಾಡ್ರಿ, ಮಾತಾಡಬ್ಯಾಡ್ರಿ. ನಾನು ಬಂದು ಭುಜ ಮುಟ್ಟೋತನಕ ಅಲ್ಲಾಡಬ್ಯಾಡ್ರಿ."

"ನೀ ಬಂದು ಮುಟ್ಟೋತನಕ ಅಲ್ಲಾಡಂಗಿಲ್ಲ. ಆತಲ್ಲ?"

"ಅದ ನಿಮ್ಮ ಕೈಲಿ ಆಗಂಗಿಲ್ಲ."

"ನೋಡ್ತಿರು."

ಇನ್ನೊಂದು ಫೋಟೋ. ಅಲುಗಲಿಲ್ಲ. ನನಗೆ ನಂಬಿಕೆ ಬರಲಿಲ್ಲ. "ರೀ" ಎಂದು ಕೂಗಿದೆ. ಇಲ್ಲ. "ರೀ, ಯಾರೋ ನಿಮ್ಮ ಗಿರಾಕಿ ಬಂದಾರ." ಇಲ್ಲ. ನನಗೂ ಚೇಷ್ಟೆ ಹತ್ತಿತು. "ರೀ, ಕಾಲ ಹತ್ರ ಹಾವು ಐತಿ ನೋಡ್ರಿ." ನಮ್ಮನೆಯವರು ಹಲ್ಲಿ ಕಂಡರೆ ಮಂಚ ಹತ್ತುವವರು. ಅವರು ಕದಲಲಿಲ್ಲ. ಬೆನ್ನು ಇನ್ನಷ್ಟು ನೆಟ್ಟಗಾಯಿತು. ಗೆದ್ದೆ ಅಂತ ಒಳಗೊಳಗೇ ನಗುತ್ತಿದ್ದಾರೆ ಎಂದು ಆ ಬೆನ್ನು ನೋಡಿಯೇ ಗೊತ್ತಾಯಿತು. "ಭೇಷ್" ಎಂದು ಕೂಗಿದೆ.

ಆಮೇಲೆ ಬಂದ ಫೋಟೋ ನಾನು ತೆಗೆದದ್ದರಲ್ಲೆಲ್ಲ ಚೆನ್ನಾಗಿತ್ತು. ಹರಿಯುವ ನೀರು ಹಿಂಜಿದ ಹತ್ತಿಯಂತೆ ನುಣ್ಣಗಾಗಿತ್ತು, ಮೂರು ಗುಂಡುಗಲ್ಲು, ಹಾಸುಬಂಡೆ, ಅದರ ಮೇಲೆ ಕಪ್ಪಗೆ ಗಟ್ಟಿಯಾಗಿ ನಿಂತ ಮನುಷ್ಯ, ಅವರ ಭುಜದ ಪಕ್ಕ ಚಂದ್ರ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆಸೆ ಕೇಳಬೇಕಲ್ಲ. ಒಂದು ಮೋಡದ ಚೂರು ಚಂದ್ರನ ಕಡೆ ಬರುತ್ತಿತ್ತು, ಅದು ಅಂಚಿಗೆ ತಾಗುವ ಹೊತ್ತಿಗೆ ಇನ್ನೊಂದು ತೆಗೆಯೋಣ ಎಂದು ಕಾದೆ. ತೆಗೆದೆ. ಮೋಡ ದಾಟಲಿ ಎಂದು ಕಾದೆ. ಮತ್ತೆ ತೆಗೆದೆ. ಇವರು ನಿಂತೇ ಇದ್ದರು.

ಕೊನೆಯದನ್ನು ನೋಡುವಾಗ ಏನೋ ಸರಿಯಿಲ್ಲ ಅನ್ನಿಸಿತು. ಕಲ್ಲು ಎರಡೇ ಇದ್ದವು.

ಸ್ಟ್ಯಾಂಡು ಅಲುಗಿರಬೇಕು ಅಂದುಕೊಂಡೆ. ಹಿಂದಿನ ಫೋಟೋಕ್ಕೆ ಹೋದೆ, ಮುಂದಿನದಕ್ಕೆ ಬಂದೆ. ದೂರದ ಸೇತುವೆಯ ದೀಪಗಳು ಇದ್ದಲ್ಲೇ ಇದ್ದವು. ಇವರು ಇದ್ದಲ್ಲೇ ಇದ್ದರು. ಮೊದಲಿನದರಲ್ಲಿ ಮೂರು ಕಲ್ಲು, ಆಮೇಲಿನದರಲ್ಲಿ ಮೂರನೆಯದರ ತುದಿ ಮಾತ್ರ, ಕೊನೆಯದರಲ್ಲಿ ಅದೂ ಇಲ್ಲ. ಹಾಸುಬಂಡೆಯ ಒಂದು ಮೂಲೆಯೂ ಇಲ್ಲ. ತಲೆಯೆತ್ತಿ ಹೊಳೆ ನೋಡಿದೆ. ಬರಿಗಣ್ಣಿಗೆ ಬೆಳ್ಳಗೆ ಥಳಥಳ ಹೊಳೆಯುವ ನೀರು ಬಿಟ್ಟರೆ ಏನೂ ತಿಳಿಯಲಿಲ್ಲ. ಆಗ ನನ್ನ ಚಪ್ಪಲಿ ಒದ್ದೆಯಾಗಿದ್ದು ಗೊತ್ತಾಯಿತು. ಬಂದಾಗ ನಾನು ನಿಂತಿದ್ದು ಒಣ ಮರಳಿನ ಮೇಲೆ.

ಡ್ಯಾಮಿನ ನೀರು. ಕಂಪ್ಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಹೊಸಪೇಟೆಯಲ್ಲಿ ಗೇಟು ಎತ್ತಿದರೆ ಕೆಲವೇ ಗಂಟೆಗಳಲ್ಲಿ ಇಲ್ಲಿ ಸೇತುವೆಯೇ ಮುಳುಗುತ್ತದೆ.

"ರೀ, ನೀರು ಬರಾಕತ್ತೇತಿ, ಬರ್ರಿ ಈಕಡೆ."

ಅವರು ಅಲುಗಲಿಲ್ಲ.

"ರೀ, ಖರೇನ ಹೇಳಾಕತ್ತೀನಿ. ಫೋಟೋ ಸಾಕು. ಬರ್ರಿ."

ಹೊಳೆಯ ಸದ್ದು ಅಷ್ಟರಲ್ಲಿ ಹೆಚ್ಚಾಗಿತ್ತು. ನನ್ನ ದನಿ ಅವರಿಗೆ ಮುಟ್ಟುತ್ತಿತ್ತು, ಯಾಕೆಂದರೆ ಪ್ರತಿ ಸಲ ಕೂಗಿದಾಗಲೂ ಅವರ ಭುಜ ಇನ್ನಷ್ಟು ಬಿಗಿಯಾಗುತ್ತಿತ್ತು. ಹಾವು ಅಂದವಳೇ ಈಗ ನೀರು ಅನ್ನುತ್ತಿದ್ದಾಳೆ, ಅಷ್ಟೇ ಅವರಿಗೆ. ನಾನೇ ಕಲಿಸಿದ ಪಾಠ. ಎಲ್ಲ ಬಿಟ್ಟು ಅದೊಂದನ್ನು ಈ ಮನುಷ್ಯ ಇಷ್ಟು ಚೆನ್ನಾಗಿ ಕಲಿಯಬೇಕಿತ್ತೇ ಎಂದು ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

ಹೋಗಿ ಮುಟ್ಟಬೇಕು, ಬೇರೆ ದಾರಿಯಿಲ್ಲ. ಫೋನು ಬಿಚ್ಚಲೂ ಪುರುಸೊತ್ತಿಲ್ಲದೆ ಸ್ಟ್ಯಾಂಡನ್ನು ಹಾಗೆಯೇ ಮಡಚಿ ಊರುಗೋಲು ಮಾಡಿಕೊಂಡು ನೀರಿಗೆ ಇಳಿದೆ. ಮೊದಲ ಕಲ್ಲು ಸಿಕ್ಕಿತು. ಎರಡನೆಯದು ಕಾಲಿಗೆ ತಾಗಿತು, ಕಣ್ಣಿಗೆ ಕಾಣಲಿಲ್ಲ. ಅದರಾಚೆ ಕಾಲಿಟ್ಟದ್ದೇ ತಡ, ನೀರು ಸೊಂಟಕ್ಕೆ ಬಂದು ನನ್ನನ್ನು ಪಕ್ಕಕ್ಕೆ ನೂಕಿತು. ಒಂದು ಚಪ್ಪಲಿ ಹೋಯಿತು. ಕಲ್ಲನ್ನು ತಬ್ಬಿಕೊಂಡು ಹೇಗೋ ನಿಂತೆ. ನನಗೆ ಈಜು ಬರುವುದಿಲ್ಲ, ಅವರಿಗೂ ಬರುವುದಿಲ್ಲ. ನಮ್ಮಿಬ್ಬರ ನಡುವೆ ಇನ್ನೂ ಹತ್ತಡಿ ದೂರವಿತ್ತು. ಹಾಸುಬಂಡೆ ಪೂರ್ತಿ ಒಳಗೆ ಹೋಗಿತ್ತು, ಇವರು ಹೊಳೆಯ ಮೇಲೆಯೇ ನಿಂತಂತೆ ಕಾಣುತ್ತಿದ್ದರು. ಪಂಚೆ ತೇಲುತ್ತಿತ್ತು.

"ರೀ" ಅಂದೆ. "ರೀ, ನಿಮ್ಮ ಕಾಲು ಬೀಳ್ತೀನಿ, ತಿರುಗ್ರಿ." ಏನೇನು ಕೂಗಿದೆನೋ ನೆನಪಿಲ್ಲ. ತಿರುಗಲಿಲ್ಲ.

ನಮ್ಮಲ್ಲಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿಸಿದ್ದೇ ಮೊದಲು, ಅದೇ ಕೊನೆ. ಬ್ಯಾಂಕಿನವರು ಕೇಳಿದರೆ ಆಧಾರ್ ಕಾರ್ಡ್ ಮುಂದಿಡುತ್ತೇನೆ. ಜಗಳದಲ್ಲಿ ಬಾಯಿಗೆ ಬಂದದ್ದೆಲ್ಲ ಅಂದಿದ್ದೇನೆ, ಹೆಸರು ಮಾತ್ರ ಅಂದಿಲ್ಲ. ತಮಾಷೆಗೂ ಅಂದಿಲ್ಲ.

"ಸಿದ್ದಲಿಂಗೇಶಾ."

ಗಂಟಲು ಹರಿದುಹೋಗುವಂತೆ ಕೂಗಿದೆ. ಅವರು ಥಟ್ಟನೆ ತಿರುಗಿದರು. ನಾನು ಸೊಂಟದವರೆಗೆ ನೀರಿನಲ್ಲಿರುವುದನ್ನು ಕಂಡರು. ಆ ಮುಖದಲ್ಲಿ ಅಂಥ ಭಯವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅದು ಅವರ ಸಲುವಾಗಿ ಇದ್ದ ಭಯವಾಗಿರಲಿಲ್ಲ.

"ಹಿಂದಕ್ಕ ಹೋಗಲೇ ಶೈಲಾ, ಹಿಂದಕ್ಕ ಹೋಗು."

"ನೀವು ಬರ್ರಿ ಮೊದಲ."

ಅವರು ಬಂಡೆಯಿಂದ ಇಳಿದರು, ನೀರು ಎದೆಗೆ ಬಂತು. ಒಂದು ಹೆಜ್ಜೆ ಇಟ್ಟರು. ಇನ್ನೊಂದಕ್ಕೆ ಕಾಲು ಜಾರಿ ತಲೆ ಮುಳುಗಿತು. ನಾನು ಸ್ಟ್ಯಾಂಡನ್ನು ಉದ್ದ ಎಳೆದು ಮುಂದೆ ಚಾಚಿದೆ. ಏನೂ ಸಿಗದ ಒಂದು ಗಳಿಗೆ. ಆಮೇಲೆ ಅದರ ತುದಿ ಜಗ್ಗಿತು. ಇವರು ಯಾವಾಗಲೂ "ನಿನ್ನ ಮೂರು ಕಾಲಿನ ದೇವರು" ಎಂದು ಅಣಕಿಸುತ್ತಿದ್ದರಲ್ಲ, ಅದರ ಒಂದು ಕಾಲು ಅವರ ಮುಷ್ಟಿಯಲ್ಲಿತ್ತು. ಕಲ್ಲಿಗೆ ಕಾಲು ಒತ್ತಿ ಎಳೆದೆ. ಕ್ಲಿಪ್ಪು ಕಳಚಿ ಫೋನು ನನ್ನ ಕಣ್ಣೆದುರೇ ನೀರಿಗೆ ಬಿತ್ತು, ಒಳಗಿನಿಂದ ಒಂದು ಕ್ಷಣ ಬೆಳಗಿ ಹೋಗಿಬಿಟ್ಟಿತು. ಅವರ ಅಂಗಿಯ ಕಾಲರು ಕೈಗೆ ಸಿಕ್ಕಿತು. ಕಾಲರು ಹಿಡಿದೇ ಅವರನ್ನು ದಡಕ್ಕೆ ಎಳೆದು ತಂದೆ, ಅವರು ನನ್ನನ್ನು ನೂಕಿದರು, ಇಬ್ಬರೂ ಮರಳಿನ ಮೇಲೆ ಬಿದ್ದೆವು. ಅಲ್ಲಿಗೂ ನೀರು ಬರುತ್ತಿತ್ತು. ಎದ್ದು ಕಾರಿನವರೆಗೆ ಓಡಿದೆವು.

ಕಾರಿನೊಳಗೆ ಅವರ ಫೋನು ಒದರುತ್ತಿತ್ತು. ತಮ್ಮ ಬಸವಕುಮಾರ.

"ಅಕ್ಕಾ, ಎಲ್ಲಿದ್ದೀರಿ ನೀವು? ನಿನ್ನ ಫೋನು ಹತ್ತವಲ್ದು, ಅವರು ಎತ್ತವಲ್ರು. ಸಂಜಿಗೇ ಮೈಕಿನ್ಯಾಗ ಕೂಗ್ಯಾರ, ಹೊಳಿಗೆ ನೀರು ಬಿಟ್ಟಾರಂತ. ಆ ಫೋಟೋ ಗೀಟೋ ಅಂತ ಹೊಳಿ ಕಡೆ ಹೋಗಬ್ಯಾಡ್ರಿ ಮತ್ತ."

"ಹೋಗಂಗಿಲ್ಲಪ್ಪ" ಅಂದು ಇಟ್ಟುಬಿಟ್ಟೆ.

ಇವರು ಬಾನೆಟ್ಟಿಗೆ ಒರಗಿ ನೆಟ್ಟಗೆ ನಿಂತಿದ್ದರು. ಮೈಯಿಂದ ನೀರು ಸೋರುತ್ತಿತ್ತು. ನನಗೆ ಅವರನ್ನು ಬೈಯಬೇಕೆನ್ನಿಸಿತು.

"ಕಾಲಿಗೆ ನೀರು ಬಂದಿದ್ದು ಗೊತ್ತಾಗಲಿಲ್ಲೇನ್ರಿ ನಿಮಗ?"

"ಗೊತ್ತಾತು. ಮೊದಲ ಹಿಮ್ಮಡಿಗೆ ಬಂತು. ಆಮ್ಯಾಲೆ ಮೊಳಕಾಲಿಗೆ."

"ಮತ್ಯಾಕ ನಿಂತ್ರಿ?"

"ನೀ ಬಂದು ಮುಟ್ಟತೀನಿ ಅಂದಿದ್ದೆಲ್ಲ." ಮತ್ತೆ ಅವರೇ ಹೇಳಿದರು, "ವಡ್ಡುವಿನ್ಯಾಗ ನಾ ಹಂಗ ಅನಬಾರದಿತ್ತು. ಇವತ್ತರ ಕೆಡಸಬಾರದು ಅಂತ ನಿಂತೆ."

ಹೊಳೆಯ ಕಡೆ ನೋಡಿದೆ. ನಾವು ನಿಂತಿದ್ದ ಮರಳು ಯಾವುದು, ನೀರು ಯಾವುದು ಎಂದು ತಿಳಿಯುತ್ತಿರಲಿಲ್ಲ.

"ಹೆಸರು ಹಿಡದು ಕರದೆಲ್ಲ" ಅಂದರು.

"ಹೂಂ, ಕರದೆ."

"ಫೋಟೋ ಎಲ್ಲ ಹೋದ್ವಾ?"

"ಹೋದ್ವು."

"ನೀ ನೋಡಿದ್ದೆಲ್ಲ. ನಾ ಏನರ ಅಲ್ಲಾಡಿದ್ನೇನು?"

"ಇಲ್ರಿ" ಅಂದೆ. "ಒಂಚೂರೂ ಅಲ್ಲಾಡಿರಲಿಲ್ಲ."

ಅವರು ತಲೆಯಾಡಿಸಿದರು. ಕೈಗಳು ಇನ್ನೂ ಪಕ್ಕಕ್ಕೆ ಅಂಟಿಕೊಂಡೇ ಇದ್ದವು, ಬೆನ್ನು ಸೆಟೆದೇ ಇತ್ತು. ಬಂಡೆಯ ಮೇಲೆ ಹೇಗೆ ನಿಂತಿದ್ದರೋ ಹಾಗೆಯೇ ನಿಂತಿದ್ದರು. ಆಗ ನನಗೆ ಹೊಳೆಯಿತು. ಹತ್ತಿರ ಹೋಗಿ ಅವರ ಒದ್ದೆ ಭುಜದ ಮೇಲೆ ಕೈಯಿಟ್ಟೆ.

"ಆತ್ರಿ" ಅಂದೆ.

ಆಮೇಲೆಯೇ ಅವರು ನಡುಗತೊಡಗಿದ್ದು.