ಆಮೇಲೆ ಎಂಬ ಪದರ

ಹಲಗೆಗಳ ಮೇಲೆ ಕೂತಿದ್ದ ಮರದ ಹೊಟ್ಟನ್ನು ಅಕ್ಕ ಅರ್ಧ ಗುಡಿಸಿದ್ದಳು. ಅಷ್ಟರಲ್ಲಿ ಒಂದು ಹಲಗೆ ಅವಳನ್ನು ಮಾತಾಡಿಸಿತು.

ಪ್ರತಿ ಹಲಗೆಯ ಬೆನ್ನಿಗೂ ಸಂಖ್ಯೆ ಕೊರೆಯುವುದು ಯಂತ್ರದ ಕೆಲಸ. ಯಾವುದು ಎಲ್ಲಿ ಕೂರಬೇಕೆಂದು ಜೋಡಿಸುವವರಿಗೆ ತಿಳಿಯಬೇಕಲ್ಲ. ಸಂಖ್ಯೆಯೇನೋ ಇತ್ತು. ಅದರ ಕೆಳಗೆ, ಮುದ್ದಾದ ಅಕ್ಷರಗಳಲ್ಲಿ, ಇನ್ನೊಂದು ಸಾಲು: "ನೀನು ಬರುವುದಾದರೆ ಮನೆಗೆ ಇನ್ನೊಂದು ಕಿಟಕಿ ಇಡಿಸುತ್ತೇನೆ."

ಅಕ್ಕ ಪಕ್ಕದ ಹಲಗೆಯನ್ನು ಊದಿದಳು. "ನೀನು ಬಂದರೆ ಕೂತು ಕಿಟಕಿಯ ಮಾತಾಡೋಣ." ಅದರಾಚೆಯದು: "ಕಿಟಕಿ ಬೇಡವೆಂದರೂ ಬಾ."

ಪೊರಕೆಯನ್ನು ಗೋಡೆಗೆ ಒರಗಿಸಿ ಕೂಗಿದಳು: "ಲೋ ಅಳೆದೂಸುರಿ! ಬಾರೋ ಇಲ್ಲಿ!"

ಅಳೆದೂಸುರಿ ಅವಳ ತಮ್ಮ, ಹೆಸರುವಾಸಿ ವಾಸ್ತುಶಿಲ್ಪಿ. ಚಿಕ್ಕಂದಿನಲ್ಲಿ ಚಪ್ಪಲಿ ಕೊಳ್ಳಲು ಹೋಗಿ, ಅಂಗಡಿ ಅಂಗಡಿ ಅಳೆದೂ ಸುರಿದೂ ಬರಿಗಾಲಲ್ಲೇ ವಾಪಸು ಬಂದಾಗ ಅಕ್ಕ ಇಟ್ಟ ಹೆಸರು ಅದು. ಆ ರೋಗಕ್ಕೆ ಮದ್ದು ಸಿಗಲಿಲ್ಲ, ಕಂಪ್ಯೂಟರ್ ಸಿಕ್ಕಿತು. ಹಿಂದಿನವರು ಚಾವಣಿಯ ನಕ್ಷೆ ಬರೆಯುತ್ತಿದ್ದರು. ಇವನು ಚಾವಣಿಗೆ ನಿಯಮ ಬರೆಯುತ್ತಾನೆ. ಬಿಸಿಲು ಇಷ್ಟು ಬರಲಿ, ಭಾರ ಹೀಗೆ ಇಳಿಯಲಿ ಎಂದರೆ ಸಾಕು, ಮೀನು ಮೊಟ್ಟೆಯಿಟ್ಟಂತೆ ಕಂಪ್ಯೂಟರ್ ಸಾವಿರ ಚಾವಣಿ ಇಡುತ್ತದೆ. ಇವನು ಒಂದೊಂದನ್ನೂ ತಿರುಗಿಸಿ ನೋಡಿ, "ಇನ್ನೊಂದು ನಮೂನೆ ನೋಡೋಣ" ಎನ್ನುತ್ತಾನೆ. ಮನೆಯವರು ಯಾವುದನ್ನು ರೋಗ ಎಂದರೋ ಅದನ್ನೇ ಜಗತ್ತು ಪ್ರತಿಭೆ ಎಂದು ಕರೆದು ಭಾಷಣಕ್ಕೆ ಕರೆಸಿತು. "ನನ್ನ ಚಾವಣಿಯಲ್ಲಿ ಎರಡು ಹಲಗೆ ಒಂದೇ ಥರ ಇರುವುದಿಲ್ಲ" ಎಂದರೆ ಚಪ್ಪಾಳೆಯೋ ಚಪ್ಪಾಳೆ. ಆ ಹಲಗೆಗಳನ್ನು ಕೊರೆಯುವ ಯಂತ್ರ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ನಡೆಸುವವಳು ಅಕ್ಕ.

ಭಾರದ ಲೆಕ್ಕ ನೋಡುವ ಇಂಜಿನಿಯರು ಬೇರೊಬ್ಬಳು. ಅಕ್ಕನ ಬಾಯಲ್ಲಿ ಅವಳು ಲೆಕ್ಕದಮ್ಮ. ಕಡ್ಡಿ ತುಂಡು ಮಾಡಿದಂತೆ ಮಾತಾಡುವ ಹೆಂಗಸು. ವಾಚನಾಲಯದ ಈ ಚಾವಣಿಯ ಕೆಲಸ ಶುರುವಾದಾಗಲೇ, ಅಕ್ಕನ ಎದುರಿಗೇ, ತಮ್ಮನಿಗೆ ಹೇಳಿದ್ದಳು: "ನಂಗೆ ನೀನು ಇಷ್ಟ. ಮದುವೆ ಆಗ್ತೀಯೋ ಇಲ್ವೋ, ಬರೆದು ಕೊಡು. ನೀನು ಬಾಯಲ್ಲಿ ಹೇಳಿದ್ದು ಸಂಜೆಗೆ ಇನ್ನೊಂದು ನಮೂನೆ ಆಗಿರುತ್ತೆ. ಚಾವಣಿ ಏರೋವರೆಗೂ ಕಾಯ್ತೀನಿ. ಉತ್ತರ ಬರಲಿಲ್ಲ ಅಂದ್ರೆ, ದೂರದಲ್ಲೊಂದು ಸೇತುವೆ ಕೆಲಸ ಇದೆ, ಹೊರಟೆ."

ನಾಳೆ ಚಾವಣಿ ಏರಬೇಕು. ಉತ್ತರದ ಕಾಗದ ಹೋಗಿರಲಿಲ್ಲ.

ತಮ್ಮ ಬಂದು ನೋಡಿದವನು ಬಿಳಿಚಿಕೊಂಡ. "ಇದು ನಕ್ಷೆಯ ಬೇರೆ ಪದರದಲ್ಲಿತ್ತು ಅಕ್ಕ. ಹಲಗೆಗೊಂದು ಸಾಲು ಅಂತ ಬರೆದು ನೋಡ್ಕೋತಿದ್ದೆ. ಮುಚ್ಚಿಟ್ಟಿದ್ದೆ!"

"ಏನಂತ ಹೆಸರಿಟ್ಟಿದ್ದೆ ಆ ಪದರಕ್ಕೆ?"

"ಆಮೇಲೆ."

ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ನಕ್ಷೆಗೆ ಪದರಗಳಿರುತ್ತವೆ. ಪರದೆಯ ಮೇಲೆ ಮುಚ್ಚಿದ್ದೆಲ್ಲ ಯಂತ್ರಕ್ಕೆ ಕಳಿಸುವಾಗಲೂ ಮುಚ್ಚಿಯೇ ಇರುತ್ತದೆಂದು ಅವನು ನಂಬಿದ್ದ. ಯಂತ್ರಕ್ಕೆ ಹಲ್ಲಿದೆ, ನಾಚಿಕೆಯಿಲ್ಲ. "ಆಮೇಲೆ" ಎಂದರೇನೆಂದು ಅದಕ್ಕೆ ಯಾರೂ ಕಲಿಸಿರಲೂ ಇಲ್ಲ.

"ಉಜ್ಜಿ ಹಾಕೋಣ. ಕಾಗದ ಕೊಡಕ್ಕ."

"ಯಾವ ಕಾಗದ? ಬರೆಯೋದಾ, ಉಜ್ಜೋದಾ?"

"ತಮಾಷೆ ಬೇಡ. ನಾಳೆ ಅವಳೇ ನಿಂತು ಜೋಡಿಸೋದು. ಒಂದೊಂದೂ ಓದ್ತಾಳೆ."

"ಜೋಡಿಸಿದ ಮೇಲೆ?"

"ಮೇಲೆ ತಗಡು ಬರುತ್ತೆ. ಯಾರಿಗೂ ಕಾಣಲ್ಲ."

"ಅಂದ್ರೆ ಯಾರಿಗೆ ಬರೆದ್ಯೋ ಅವಳಿಗೆ ಮಾತ್ರ ಕಾಣುತ್ತೆ. ಅಂಚೆಯವರ ಕೈಲೂ ಇಷ್ಟು ಚೆನ್ನಾಗಿ ಆಗಲ್ಲ ಬಿಡು."

ಆದರೂ ಅಕ್ಕ ಉಜ್ಜುಕಾಗದ ತಂದಳು. ಒರಟು, ನಯ, ಅತಿನಯ, ಮೂರೂ ಬಗೆ, ಬೇಕೆಂದೇ. ತಮ್ಮ ಮೂರನ್ನೂ ಬೆರಳಿನಿಂದ ಸವರುತ್ತಾ ಯೋಚನೆಗೆ ಬಿದ್ದ. ಕೊನೆಗೆ ನಯದ್ದನ್ನು ಹಿಡಿದು ಒಂದು ಹಲಗೆ ಎತ್ತಿಕೊಂಡ, ಓದಿದ, "ಇದು ಪರವಾಗಿಲ್ಲ ಅಲ್ವಾ?" ಎಂದು ಕೆಳಗಿಟ್ಟ. ಇನ್ನೊಂದು ಎತ್ತಿಕೊಂಡ. ಹೊರಗೆ, ಹಲಗೆ ಒಯ್ಯಲು ಬಂದಿದ್ದ ಲಾರಿಯ ಹಾರನ್ ಕೂಗಿತು.

"ಸಾರ್, ಏರಿಸ್ಲಾ? ಇಲ್ಲಾ ಮಲಗ್ಲಾ?" ಎಂದ ಚಾಲಕ.

ಅಕ್ಕನಿಗೆ ಈಗ ನಗು ಬರಲಿಲ್ಲ. ಈ ಶೆಡ್ಡಿಗೆ ಬಂದು, ಹೊಟ್ಟಿನ ರಾಶಿಯ ಮೇಲೇ ಕೂತು, "ಸಾಕು, ನಿಲ್ಲಿಸು" ಎಂದು ಇವನಿಗೆ ಹೇಳಬಲ್ಲವಳು ಲೆಕ್ಕದಮ್ಮ ಒಬ್ಬಳೇ. ಅವಳು ಸೇತುವೆಗೆ ಹೊರಟುಹೋದರೆ, ಮುಪ್ಪಿನಲ್ಲಿ ಯಾವ ಊರುಗೋಲು ಹಿಡಿಯಲಿ ಎಂದು ಇವನು ಅಂಗಡಿಯಲ್ಲೇ ನಿಂತಿರುತ್ತಾನೆ.

"ಒಂದು ಮಾತು ಕೇಳು. 'ಬರಬೇಡ' ಅಂತ ಇರೋ ಹಲಗೆ ಒಂದೇ ಒಂದು ತೋರಿಸು. ಇಷ್ಟೂ ಹಲಗೆ ನಾನೇ ಉಜ್ಜಿ ಕೊಡ್ತೀನಿ."

ತಮ್ಮ ರಾಶಿಗೆ ಕೈ ಹಾಕಿದ. ಬಾ. ಬೇಗ ಬಾ. ನಿಧಾನವಾಗಿಯಾದರೂ ಬಾ. ಅಕ್ಕನೂ ಹುಡುಕಿದಳು, ಒಂದರ ಮುಂದೆ ನಿಂತೇಬಿಟ್ಟಳು: "ಬಾ. ಆದರೆ ನಮ್ಮಕ್ಕನ ಗೊರಕೆಗೆ ನಾನು ಹೊಣೆಯಲ್ಲ."

"ಇದೊಂದನ್ನ ಉಜ್ಜು," ಎಂದಳು.

ಅವನು ಕೇಳಿಸಿಕೊಳ್ಳಲಿಲ್ಲ. ಕಟ್ಟಕಡೆಯ ಹಲಗೆಯನ್ನೂ ಮಗುಚಿ, ಮೈಯೆಲ್ಲ ಹೊಟ್ಟಾಗಿ ಎದ್ದು ನಿಂತ. "ಇಲ್ಲ ಅಕ್ಕ. ಇಲ್ಲ ಅನ್ನೋದೇ ಇಲ್ಲ." ದನಿಯಲ್ಲಿ ನಿಜವಾದ ಬೆರಗಿತ್ತು. "ಇನ್ನೂ ತೀರ್ಮಾನ ಮಾಡಿಲ್ಲ ಅಂದ್ಕೊಂಡಿದ್ದೆ."

ಬಾಗಿಲಿಗೆ ಹೋಗಿ ಚಾಲಕನಿಗೆ, "ಏರಿಸಿ" ಎಂದ. ಒಂದೇ ಮಾತು, ಪಕ್ಕದಲ್ಲಿ ಇನ್ನೊಂದು ನಮೂನೆಯಿಲ್ಲದೆ.

ಮೂವರೂ ಸೇರಿ ಏರಿಸಿದರು. ಗೊರಕೆಯ ಹಲಗೆಯನ್ನು ಅಕ್ಕ ತಾನೇ ಹೊತ್ತು ಎಲ್ಲದರ ಅಡಿಗೆ ಇಟ್ಟಳು. ಲಾರಿ ಗೇಟು ದಾಟುತ್ತಿದ್ದಂತೆ ತಮ್ಮ ತಲೆಯ ಮೇಲೆ ಕೈ ಹೊತ್ತ.

"ಅಕ್ಕಾ, ನಿಲ್ಲಿಸು! ಯಾವುದರಲ್ಲೂ ನನ್ನ ಸಹಿ ಇಲ್ಲ!"

"ಸಹಿ ಯಾಕೋ? ಒಂದು ಹೂಂ ಅನ್ನೋಕೆ ಲಾರಿಗಟ್ಟಲೆ ಬರೆಯೋನು ನಿನ್ನ ಬಿಟ್ಟು ಇನ್ಯಾರಿದ್ದಾನೆ?" ಎಂದು ಅಕ್ಕ ಗೇಟು ಹಾಕಿದಳು. ಆ ಲಾರಿಗಟ್ಟಲೆ ಕಾಗದ, ತಿರುವಿನಲ್ಲಿ ಒಮ್ಮೆ ಹಾರನ್ ಹೊಡೆದು ಮರೆಯಾಯಿತು.